ಕನಸಿಗೂ ಪ್ರೀಮಿಯಂ

"ನಿನ್ನೆ ನನಗೆ 62 ಬಂತು" ಅಂದ ಕಿಟ್ಟಿ.

ನಾನು ಶುಗರ್ ಅಂದುಕೊಂಡೆ. ನಮ್ಮ ವಯಸ್ಸಿನವರು ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಿಂತು ಯಾವ ನಂಬರ್ ಹೇಳಿದರೂ ಅದು ಶುಗರ್ರೇ. ಪಾಪ, ಇಷ್ಟು ಇಳಿದುಬಿಟ್ಟಿದೆಯಲ್ಲ ಅಂತ, ಅವನ ಕಾಫಿಗೆ ಸಕ್ಕರೆ ಜಾಸ್ತಿ ಹಾಕಪ್ಪಾ ಅಂತ ಕೌಂಟರಿಗೆ ಕೂಗಿಯೂ ಬಿಟ್ಟೆ.

"ಶುಗರ್ ಅಲ್ಲ ಕಣೋ, ಕನಸು. ನೂರಕ್ಕೆ 62."

"ಶಾಮ ಹಾಕಿಕೊಟ್ಟಿದ್ದಾನೆ, ಫೋನಿಗೆ" ಅಂದಳು ಸರೋಜ. ಅವಳ ದನಿಯಲ್ಲೇ ಎಲ್ಲ ಇತ್ತು. "ಎದ್ದ ತಕ್ಷಣ ಹಲ್ಲುಜ್ಜೋದಿಲ್ಲ, ಫೋನ್ ಹಿಡಿದು ಕನಸು ಒಪ್ಪಿಸುತ್ತಾರೆ. ಅದು ಅರ್ಥ ಹೇಳಿ ಮಾರ್ಕ್ಸ್ ಕೊಡುತ್ತೆ."

"ಎಸ್ಸೆಸ್ಸೆಲ್ಸಿಯಲ್ಲಿ ಎಚ್ಚರವಾಗಿದ್ದು ಬರೆದಾಗ 41 ಬಂದಿತ್ತು. ಮಲಗಿಕೊಂಡೇ ಬರೆದಿದ್ದರೆ ಫಸ್ಟ್ ಕ್ಲಾಸು ಗ್ಯಾರಂಟಿ ಇತ್ತು" ಅಂದೆ.

ಕನಸು ಏನೆಂದರೆ, ಬೀದಿ ನಲ್ಲಿ. ಉದ್ದದ ಕ್ಯೂ. ಕಿಟ್ಟಿಯ ಕೈಯಲ್ಲಿ ಖಾಲಿ ಬಿಂದಿಗೆ. ಅವನ ಸರದಿ ಬರುತ್ತೆ, ಬಿಂದಿಗೆ ಇಡುತ್ತಾನೆ, ಎಚ್ಚರವಾಗುತ್ತೆ. ಹದಿನೈದು ದಿನದಲ್ಲಿ ಎಂಟು ಸಲ ಇದೇ.

"ನಲ್ಲಿ ಅಂದರೆ ಅವಕಾಶ" ಅಂತ ಶಾಮ ಫೋನ್ ನೋಡಿ ಓದಿದ. "ಬಿಂದಿಗೆ ಅಂದರೆ ತೆರೆದ ಮನಸ್ಸು. ಮಾವನಿಗೆ ಕೆರಿಯರ್ ಬದಲಾಯಿಸುವ ಸಮಯ ಬಂದಿದೆಯಂತೆ."

ಕಿಟ್ಟಿ ರಿಟೈರ್ ಆಗಿ ಆರು ವರ್ಷವಾಯಿತು. ಬದಲಾಯಿಸೋಕೆ ಮೊದಲು ಒಂದು ಕೆರಿಯರ್ ಇರಬೇಕಲ್ಲ.

"ಸುಮ್ನೆ ನಗಬೇಡಿ ಅಂಕಲ್. ಇದು ಲೇಟೆಸ್ಟ್ ಸೈನ್ಸು."

ಲೇಟೆಸ್ಟ್ ಅನ್ನೋ ಪದ ಕಿವಿಗೆ ಬಿದ್ದರೆ ನಮ್ಮ ಮೇಷ್ಟ್ರು ಕಾಫಿ ಲೋಟ ಕೆಳಗಿಡುತ್ತಾರೆ. ಇಟ್ಟರು.

"ಈಜಿಪ್ಟಿನಲ್ಲಿ ದೇರ್ ಎಲ್ ಮದೀನಾ ಅಂತ ಒಂದು ಊರು ಇತ್ತಯ್ಯಾ, ರಾಜರಿಗೆ ಗೋರಿ ಕೆತ್ತುವ ಕೆಲಸಗಾರರದ್ದು. ಅಲ್ಲಿ ಒಂದು ಪಪೈರಸ್ ಸುರುಳಿ ಸಿಕ್ಕಿದೆ. 3,200 ವರ್ಷದಷ್ಟು ಹಳೇದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಪೂರ್ತಿ ಕನಸಿನ ಪಟ್ಟಿ. ಕನಸಲ್ಲಿ ಇಂಥದ್ದು ಕಂಡರೆ ಒಳ್ಳೇದು, ಇಂಥದ್ದು ಕಂಡರೆ ಕೆಟ್ಟದು. ಆ 'ಕೆಟ್ಟದು' ಅನ್ನೋ ಪದವನ್ನ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ."

"ನೋಡು ಕಿಟ್ಟಿ, ನಿನ್ನ ಪ್ರೋಗ್ರೆಸ್ ಕಾರ್ಡು ಅಲ್ಲಿಂದ ಶುರು" ಅಂದೆ. ಮಾತು ಸ್ವಲ್ಪ ಹೊತ್ತು ಅವನ ನಿಜವಾದ ಪ್ರೋಗ್ರೆಸ್ ಕಾರ್ಡಿನ ಕಡೆಗೆ ಹೊರಳಿತು. ಅದರಲ್ಲಿ ಅವನ ಅಪ್ಪನ ಸಹಿ ಹಾಕಿದ್ದು ನಾನು. ಈಗಲೂ ಹಾಕಬಲ್ಲೆ.

ಮೇಷ್ಟ್ರು ಬಿಡಲಿಲ್ಲ. ಎರಡನೇ ಶತಮಾನದಲ್ಲಿ ಆರ್ಟಿಮಿಡೋರಸ್ ಅಂತ ಒಬ್ಬ ಗ್ರೀಕನಿದ್ದನಂತೆ. ಜಾತ್ರೆ, ಸಂತೆ ಸುತ್ತಿ, ಜನ ಮೂಗು ಮುರಿಯುತ್ತಿದ್ದ ಕಣಿ ಹೇಳುವವರ ಜೊತೆ ಕೂತು ಕನಸು ಕಲೆಹಾಕಿದ. ಐದು ಪುಸ್ತಕ ಬರೆದ. ಕೊನೆಯ ಎರಡನ್ನು ಮಗನಿಗೋಸ್ಕರ ಬರೆದನಂತೆ.

"ಮಗ ಇಂಜಿನಿಯರಿಂಗ್ ಅಂದಿರಬೇಕು."

"ಅದಿರಲಿ. ಅವನ ಮುಖ್ಯ ಮಾತು ಇದು. ಕನಸಿಗೆ ಅರ್ಥ ಹೇಳುವ ಮೊದಲು ಕನಸು ಬಿದ್ದವನು ಯಾರು ಅಂತ ಕೇಳು. ಏನು ಕಸುಬು, ಬಡವನೋ ಸಾಹುಕಾರನೋ, ವಯಸ್ಸೆಷ್ಟು. ಕನಸು ಒಂದೇ ಆದರೂ ಇಬ್ಬರಿಗೆ ಎರಡು ಅರ್ಥ."

"ಆ್ಯಪ್ ಕೂಡ ಕೇಳುತ್ತೆ ಸಾರ್. ಈಮೇಲ್, ಹುಟ್ಟಿದ ದಿನ, ಕಾರ್ಡ್ ನಂಬರ್" ಅಂದ ಶಾಮ. ಅವನು ತಮಾಷೆ ಮಾಡುತ್ತಿರಲಿಲ್ಲ.

ನನಗೆ ಈ ಆ್ಯಪ್ ಮೇಲೆ ಸಿಟ್ಟು ಯಾಕೆ ಅಂದರೆ, ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ಲೆಕ್ಕವಿಲ್ಲದ ಜಾಗ ನಿದ್ದೆ. ನಡೆದರೆ ಹೆಜ್ಜೆ ಎಣಿಸುತ್ತಾರೆ, ತಿಂದರೆ ಕ್ಯಾಲೊರಿ ಎಣಿಸುತ್ತಾರೆ. ಇನ್ನು ಮಲಗಿದರೂ ಇನ್‌ಸ್ಪೆಕ್ಷನ್ನು. ಅದರ ಮೇಲೆ ಕನಸನ್ನ ಸ್ಟೇಟಸ್ ಹಾಕೋದು ಬೇರೆ. ಕೆಟ್ಟ ಕನಸು ಬಿದ್ದರೆ ನಮ್ಮ ಅಜ್ಜಿ ಕೊಟ್ಟಿಗೆಗೆ ಹೋಗಿ ಹಸುವಿನ ಕಿವಿಯಲ್ಲಿ ಹೇಳಿ ಬರುತ್ತಿದ್ದಳು. ಹಸು ಕೇಳಿಸಿಕೊಂಡು ಮೆಲುಕು ಹಾಕುತ್ತಿತ್ತು. ಮಾರ್ಕ್ಸ್ ಕೊಡುತ್ತಿರಲಿಲ್ಲ.

"ಡ್ರೀಮ್ ಜರ್ನಲ್ ಅಂತ ಈಗ ಫಾರಿನ್‌ನಲ್ಲಿ ಎಲ್ಲರೂ ಬರೆಯುತ್ತಾರೆ ಅಂಕಲ್."

"ಫಾರಿನ್ ಯಾಕೆ? ಶ್ರೀರಂಗಪಟ್ಟಣ ಇಲ್ಲೇ ಇದೆ" ಅಂದೆ. "ಟಿಪ್ಪು ಸುಲ್ತಾನ್ ಕನಸುಗಳನ್ನ ಸ್ವಂತ ಕೈಯಲ್ಲಿ, ಪರ್ಷಿಯನ್ನಿನಲ್ಲಿ ಬರೆದಿಟ್ಟಿದ್ದ. 37 ಕನಸು. ಯಾರಾದರೂ ಬಂದರೆ ಪುಸ್ತಕ ಮುಚ್ಚಿಡುತ್ತಿದ್ದನಂತೆ. 1799ರಲ್ಲಿ ಅವನು ಸತ್ತ ಮೇಲೆ ಮಲಗುವ ಕೋಣೆಯಲ್ಲಿ ಸಿಕ್ಕಿತು. ಸುಲ್ತಾನನೇ ಮುಚ್ಚಿಟ್ಟಿದ್ದನ್ನ ನೀವು ವಾಟ್ಸಾಪಿಗೆ ಹಾಕುತ್ತೀರಿ."

"ಈಗ ಎಲ್ಲಿದೆ ಆ ಪುಸ್ತಕ?"

"ಅದೂ ಲಂಡನ್ನಿನಲ್ಲೇ. ಬ್ರಿಟಿಷ್ ಲೈಬ್ರರಿ."

"ಎಲ್ಲರ ಕನಸೂ ಲಂಡನ್ನಿಗೇ ಹೋಗಿ ಸೇರಿದೆಯಲ್ಲಪ್ಪಾ" ಅಂದಳು ಸರೋಜ.

"ನಮ್ಮ ಮಕ್ಕಳದ್ದು ಮಾತ್ರ ಅಮೆರಿಕಕ್ಕೆ" ಅಂದೆ. ಅವಳು ನಗಲಿಲ್ಲ. ಅವಳ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಬಾಯಿ ತಪ್ಪಿತು.

ಮೇಷ್ಟ್ರು ಕಾಪಾಡಿದರು. ಶ್ರವಣಬೆಳಗೊಳಕ್ಕೆ ಹೋದರು. ಜೈನರ ಕಥೆ. ಚಂದ್ರಗುಪ್ತ ಮೌರ್ಯನಿಗೆ 16 ಕೆಟ್ಟ ಕನಸು ಬಿದ್ದವು. ಗುರು ಭದ್ರಬಾಹುವಿನ ಹತ್ತಿರ ಅರ್ಥ ಕೇಳಿದ. ಅದರಲ್ಲೊಂದು 12 ಹೆಡೆಯ ಹಾವು. 12 ವರ್ಷ ಬರಗಾಲ ಅಂದರು ಗುರುಗಳು. ರಾಜ ಸಿಂಹಾಸನ ಬಿಟ್ಟು ಅವರ ಹಿಂದೆ ದಕ್ಷಿಣಕ್ಕೆ ನಡೆದು ಬಂದ. ಇವರಿಬ್ಬರ ಕಥೆಯನ್ನ ಚಂದ್ರಗಿರಿಯ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಸಣ್ಣ ಸಣ್ಣದಾಗಿ ಕೆತ್ತಿದ್ದಾರೆ. ಬೆಟ್ಟ ಹತ್ತಿದವರು ನೋಡಿ.

"ಹಾಗಾದರೆ ನನ್ನ ನಲ್ಲಿ ಕನಸೂ ಬರಗಾಲದ ಸೂಚನೆಯೇ?" ಅಂದ ಕಿಟ್ಟಿ, ಸ್ವಲ್ಪ ಹೆಮ್ಮೆಯಿಂದ.

"ಬೆಂಗಳೂರಿಗೆ ಅದಕ್ಕೆ ಕನಸು ಯಾಕೋ? ಮಾರ್ಚ್ ತಿಂಗಳಲ್ಲಿ ಟ್ಯಾಂಕರ್ ರೇಟು ಕೇಳು. 12 ಹೆಡೆ ಒಟ್ಟಿಗೆ ಕಾಣಿಸುತ್ತೆ."

ಶಾಮ ಕೊನೆಯ ಅಸ್ತ್ರ ತೆಗೆದ. "ಫ್ರಾಯ್ಡ್ ಓದಿದ್ದೀರಾ? ಫ್ರಾಯ್ಡ್ ಪ್ರಕಾರ ಈ ನಲ್ಲಿ, ಬಿಂದಿಗೆ ಎರಡೂ..."

"ಬೇಡ. ಪಕ್ಕದ ಟೇಬಲ್ಲಿನಲ್ಲಿ ಮಕ್ಕಳು ಇಡ್ಲಿ ತಿನ್ನುತ್ತಿದ್ದಾರೆ" ಅಂದಳು ಸರೋಜ.

ಫ್ರಾಯ್ಡ್ ಅಲ್ಲಿಗೆ ಮುಗಿದ. ಆದರೂ ಒಂದು ಮಾತು. ಕನಸಿನ ಬಗ್ಗೆ ಅವನು ಬರೆದ ದಪ್ಪ ಪುಸ್ತಕ ಅಂಗಡಿಗೆ ಬಂದದ್ದು 1899ರ ನವೆಂಬರಿನಲ್ಲಿ. ಹೊಸದಾಗಿ ಕಾಣಲಿ ಅಂತ 1900 ಅಂತ ಅಚ್ಚು ಹಾಕಿದ್ದರು. ಅಚ್ಚಾದದ್ದು 600 ಪ್ರತಿ, ಮಾರಾಟವಾಗೋಕೆ ಎಂಟು ವರ್ಷ ಬೇಕಾಯಿತು. ಕನ್ನಡದಲ್ಲಿ ಪುಸ್ತಕ ಬರೆಯುವ ನಾನು ಈ ಸಂಗತಿಯನ್ನ ಆಗಾಗ ನೆನಪಿಸಿಕೊಳ್ಳುತ್ತೇನೆ.

"ನೋಡು ಶಾಮ, ನಮ್ಮ ಚರಕ ಸಂಹಿತೆಯಲ್ಲೂ ಕನಸಿದೆ" ಅಂದೆ. ಮಂಡಿ ನೋವಿಗೆ ಏನಾದರೂ ಸಿಗುತ್ತಾ ಅಂತ ಹುಡುಕುವಾಗ ಓದಿದ್ದು. "ಕನಸಲ್ಲಿ ಏಳು ಜಾತಿ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು. ಆಮೇಲೆ ಮುಂದಾಗೋದನ್ನ ಹೇಳೋದು, ವಾತ ಪಿತ್ತ ಕಫ ಕೆಟ್ಟು ಬೀಳೋದು. ಮೊದಲಿನ ಐದಕ್ಕೂ ಫಲ ಇಲ್ಲ ಅಂದುಬಿಟ್ಟಿದ್ದಾರೆ. ಹಗಲು ನಿದ್ದೆಯ ಕನಸಿಗಿಲ್ಲ, ತೀರಾ ಚಿಕ್ಕದಕ್ಕಿಲ್ಲ, ತೀರಾ ಉದ್ದದ್ದಕ್ಕಿಲ್ಲ. ಕನಸು ಬಿದ್ದ ಮೇಲೆ ಮತ್ತೆ ನಿದ್ದೆ ಮಾಡದಿದ್ದರೆ ಮಾತ್ರ ದೊಡ್ಡ ಫಲವಂತೆ. ಇದನ್ನ ಓದಿದ್ದರೆ ನಿಮ್ಮ ಆ್ಯಪಿನವನು ಅಂಗಡಿ ತೆರೆಯುತ್ತಲೇ ಇರಲಿಲ್ಲ."

"ಆದರೆ ದಿನ ಬಿಟ್ಟು ದಿನ ಅದೇ ಕನಸು ಬೀಳುತ್ತಲ್ಲ ಅಂಕಲ್? ಆ್ಯಪ್ ಇದನ್ನ ಸೈಕ್ಲಿಕಲ್ ಪ್ಯಾಟರ್ನ್ ಅನ್ನುತ್ತೆ. ಬಹಳ ಅಪರೂಪವಂತೆ."

ಸರೋಜ ಕಾಫಿಯ ಕೊನೇ ಗುಟುಕು ಮುಗಿಸಿದಳು.

"ದಿನ ಬಿಟ್ಟು ದಿನ ನಮ್ಮ ಬೀದಿಗೆ ಕಾವೇರಿ ನೀರು ಬರುತ್ತೆ. ಬೆಳಗಿನ ಜಾವ ನಾಲ್ಕಕ್ಕೆ. ಸಂಪು ಇವರು ಮಲಗೋ ಕಿಟಕಿ ಕೆಳಗೇ ಇದೆ. ಸುರ್ ಅಂತ ಬಿದ್ದ ತಕ್ಷಣ ಇವರಿಗೆ ನಲ್ಲಿ ಕನಸು."

ಮೇಷ್ಟ್ರು ಎಷ್ಟು ನಕ್ಕರು ಅಂದರೆ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಜಲಮಂಡಳಿಗೆ ತಾನು ಸೈಕ್ಲಿಕಲ್ ಪ್ಯಾಟರ್ನ್ ಅಂತ ಗೊತ್ತೇ ಇಲ್ಲವಲ್ಲ ಅಂದೆ. ಶಾಮನೂ ನಕ್ಕ. ಕಿಟ್ಟಿ ನಗಲಿಲ್ಲ.

"ಅದು ಸರಿ. ಮುಂದೆ ನಿಂತಿರೋರು?"

"ಯಾರ ಮುಂದೆ?"

"ಕ್ಯೂನಲ್ಲಿ, ನನ್ನ ಮುಂದೆ ಒಬ್ಬಳು ನಿಂತಿರುತ್ತಾಳೆ. ಅವಳು ಯಾಕೆ ಬರುತ್ತಾಳೆ ಅಂತ ತಿಳಿಯೋಕೆ ಪ್ರೀಮಿಯಂ ತಗೋ ಅನ್ನುತ್ತೆ. ತಿಂಗಳಿಗೆ 299."

ಸರೋಜ ಪರ್ಸಿನ ಜಿಪ್ ಎಳೆದುಕೊಂಡಳು. "ಯಾರು ಅವಳು?"

"ಜಯಕ್ಕ" ಅಂದ ಕಿಟ್ಟಿ.

ನಾನು ಲೋಟ ಕೆಳಗಿಟ್ಟೆ. ಚಾಮರಾಜಪೇಟೆಯ ನಮ್ಮ ಗಲ್ಲಿಯ ಜಯಕ್ಕ. ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ, ಆದರೆ ಆ ಸುದ್ದಿ ನಮ್ಮ ಬೀದಿ ನಲ್ಲಿಗೆ ತಲುಪೋಕೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅಲ್ಲಿಯವರೆಗೂ ಆ ನಲ್ಲಿಗೆ ಜಯಕ್ಕನೇ ಜಲಮಂಡಳಿ. ನಾಲ್ಕು ಬಿಂದಿಗೆ ತರುತ್ತಿದ್ದಳು. ತಾನಿಲ್ಲದಾಗ ಕ್ಯೂನಲ್ಲಿ ಒಂದು ಕಲ್ಲು ಇಟ್ಟು ಹೋಗುತ್ತಿದ್ದಳು. ಆ ಕಲ್ಲನ್ನ ಯಾರೂ ಮುಟ್ಟುವ ಹಾಗಿರಲಿಲ್ಲ. ಕಿಟ್ಟಿ ಒಂದು ಸಲ ಸರಿಸಿದ್ದ. ಅವಳು ಬೈದ ಬೈಗುಳದಲ್ಲಿ ಅರ್ಧ ನಮಗೆ ಅರ್ಥವಾದದ್ದು ಕಾಲೇಜಿಗೆ ಹೋದ ಮೇಲೆ.

"ಬೈಯುತ್ತಾಳಾ?" ಕೇಳಿದೆ.

"ಇಲ್ಲ ಕಣೋ. ಹಿಂದೆ ತಿರುಗಿ ನೋಡುತ್ತಾಳೆ. ತನ್ನ ಬಿಂದಿಗೆ ಪಕ್ಕಕ್ಕಿಟ್ಟು, ಸ್ಕೂಲಿಗೆ ಹೊತ್ತಾಯ್ತು, ನೀನು ಮೊದಲು ಹಿಡ್ಕೊಳೋ ಅನ್ನುತ್ತಾಳೆ. ಅಷ್ಟಕ್ಕೇ ಎಚ್ಚರವಾಗುತ್ತೆ."

"ಜಯಕ್ಕನಾ? ಬಿಟ್ಟುಕೊಡುತ್ತಾಳಾ?"

"ಅದನ್ನೇ ಕೇಳಬೇಕು ಅಂತ ಇದ್ದೆ" ಅಂದ ಕಿಟ್ಟಿ. "ಏಳರಲ್ಲಿ ಯಾವುದೋ ಇದು?"

ಬಯಸಿದ್ದು ಅಂತ ಹೇಳಬಹುದಿತ್ತು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಇನ್ನೊಂದು ಬೈ ಟು ಹೇಳೋಣ್ವಾ ಅಂದೆ. ಜಯಕ್ಕನ ಮನೆ ಇದ್ದ ಕಡೆ ಈಗ ನಾಲ್ಕು ಅಂತಸ್ತಿನ ಪಿಜಿ ಇದೆ. ಮಗನ ಜೊತೆ ಎಲ್ಲೋ ಹೋದಳು ಅಂತ ಕೇಳಿದ್ದೆವು. ಎಲ್ಲಿಗೆ ಅಂತ ಆಗ ವಿಚಾರಿಸಲಿಲ್ಲ. ಕ್ಯೂ ಚಿಕ್ಕದಾಯಿತಲ್ಲ ಅಂತ ಖುಷಿಯಲ್ಲಿದ್ದೆವು.

ಶಾಮ ಯಾಕೋ ಫೋನ್ ಜೇಬಿಗೆ ಹಾಕಿಕೊಂಡ.

ಮೊನ್ನೆ ಬೆಳಗಿನ ಜಾವ ನನಗೂ ಆ ಕನಸು ಬಿತ್ತು. ಕಿಟ್ಟಿಯಿಂದ ಕೇಳಿ ಬಿದ್ದದ್ದು, ಎರಡನೇ ಜಾತಿ, ಫಲವಿಲ್ಲ. ಅದೇ ನಲ್ಲಿ, ಅದೇ ಕ್ಯೂ, ಮುಂದೆ ಜಯಕ್ಕ. ನಾನೂ ಬಿಂದಿಗೆ ಹಿಡಿದು ಸ್ವಲ್ಪ ಆಸೆಯಿಂದಲೇ ನಿಂತೆ. ತಿರುಗಿ ನೋಡಿದಳು. "ಏನೋ ಲೋಫರ್, ಕಲ್ಲು ಕಾಣಿಸಲ್ವಾ?" ಅಂದಳು.

ಎದ್ದು ಕೂತೆ. ನಾಲ್ಕೂವರೆ. ಆಮೇಲೆ ನಿದ್ದೆ ಬರಲಿಲ್ಲ.