ಸಹಾಯ ಬೇಕು: ಬೋಲ್ಗಾ ಹುಲ್ಲಿನ ಲ್ಯಾಂಪ್‌ಶೇಡ್ ಬಣ್ಣ ಬಿಡ್ತಿದೆ
ಘಾನಾದ ಬೋಲ್ಗಟಂಗಾದಲ್ಲಿ ಬುಟ್ಟಿ ಹೆಣೆಯೋ ಹೆಂಗಸರಿಂದ ಆನೆಹುಲ್ಲಿನ ಲ್ಯಾಂಪ್‌ಶೇಡ್ ಮಾಡಿಸ್ತಿದ್ದೀವಿ. ಹುಲ್ಲು ಸೀಳಿ, ಹೊಸೆದು, ಕುದಿಯೋ ಬಣ್ಣದ ನೀರಲ್ಲಿ ಅದ್ದಿ ಹೆಣೀತಾರೆ, ಕೈಚಳಕಕ್ಕೆ ಎರಡು ಮಾತಿಲ್ಲ. ಪಾರ್ಸೆಲ್‌ಗೆ ಚಪ್ಪಟೆ ಒತ್ತಿ ಕಳಿಸೋದ್ರಿಂದ ಬಿಚ್ಚಿದ ಮೇಲೆ ನೀರಲ್ಲಿ ನೆನೆಸಿ, ಕೈಯಲ್ಲೇ ತಿದ್ದಿ ಗುಂಡಗೆ ಮಾಡಬೇಕು. ಎಡವಟ್ಟಾಗೋದು ಅಲ್ಲೇ. ಪಕ್ಕದ ಬಣ್ಣ ಹಾಕದ ಎಳೆಗೆ ಕೆಂಪು ಹತ್ತಿ ಗುಲಾಬಿ ಕಲೆ ಆಗುತ್ತೆ. ನೀಲಿ, ಕಪ್ಪು ಇಷ್ಟು ಕಾಡಲ್ಲ. ಒಣಗಿದ್ದಾಗಲೇ ತಿದ್ದಿದ್ರೆ ಅಂಚಿನ ಹುಲ್ಲು ಪಟಪಟ ಮುರಿಯುತ್ತೆ. ಆವಿ ಹಿಡಿದ್ರೆ ಬಣ್ಣ ಕಮ್ಮಿ ಬಿಡುತ್ತೆ, ಆದ್ರೆ ದಪ್ಪ ಅಂಚು ಮಣಿಯಲ್ಲ. ಹೆಣೆದು ಮುಗಿದದ್ದಕ್ಕೆ ಉಪ್ಪು, ವಿನೆಗರ್ ಹಾಕಿದ್ದೂ ದಂಡ.

ನಾರಿಗೆ ಬಣ್ಣ ಹಾಕಿ ಗೊತ್ತಿರೋರು ಹೇಳಿ: ಹೆಣೆಯೋ ಮೊದಲೇ ಕೆಂಪು ಹುಲ್ಲನ್ನ ನೀರು ತಿಳಿಯಾಗೋವರೆಗೆ ಜಾಲಾಡಿಸಿದ್ರೆ ಸಾಕಾ, ಇಲ್ಲ ಬಣ್ಣದ ಹಂಡೆಗೇ ಪಟಿಕ ಹಾಕಿಸಬೇಕಾ?