ಪದಚರ್ಚೆ: ಹೆದ್ದಾರಿಗೂ ‘ಏರಿ’ ಇರುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕುರಿತ ಮಾಹಿತಿ ಹಾಳೆಯೊಂದು ಮೂರು ಭಾಷೆಗಳಲ್ಲಿ ತಯಾರಾಗುತ್ತಿದೆ. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ ಸುಮಾರು 262 ಕಿ.ಮೀ.; ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಆಂಧ್ರ ಹೊಕ್ಕು, ಪಲಮನೇರು, ಚಿತ್ತೂರು ಹಾದು ತಮಿಳುನಾಡು ಸೇರುವ ದಾರಿ. ಮಣ್ಣು ಪೇರಿಸಿ ಎತ್ತರಿಸಿ ಅದರ ಮೇಲೆ ರಸ್ತೆ ಹಾಕುತ್ತಾರಲ್ಲ, ಆ ಎಂಬ್ಯಾಂಕ್‌ಮೆಂಟಿಗೆ ಕನ್ನಡ ಕರಡಿನಲ್ಲಿ ‘ಏರಿ’ ಎಂದಿದೆ. ‘ಇಲ್ಲಿ ರಸ್ತೆ 6 ಮೀಟರ್ ಏರಿಯ ಮೇಲೆ ಹೋಗುತ್ತದೆ’ ಎಂದು ಓದಿದ ಕೋಲಾರದ ರೈತ ‘ಯಾವ ಕೆರೆದು?’ ಅನ್ನದೆ ಇರುತ್ತಾನೆಯೇ? ಒಡ್ಡು, ದಿಬ್ಬ, ಕಟ್ಟೆ: ಯಾವುದು ಸರಿ?

ಉತ್ತರ 1

ಏರಿ ಖಂಡಿತ ಬೇಡ. ಕೆರೆ ಏರಿ ಇರುವುದೇ ನೀರು ನಿಲ್ಲಿಸಲಿಕ್ಕೆ. ರಸ್ತೆಯ ಮಣ್ಣಿನ ಬುಡದಲ್ಲಿ ನೀರು ನಿಂತರೆ ಕೆಲಸ ಕೆಟ್ಟಂತೆ. ಆ ಮಣ್ಣನ್ನು ಪದರ ಪದರವಾಗಿ, ಅಡಕವಾದ ಮೇಲೆ 200 ಮಿ.ಮೀ. ದಪ್ಪ ಬರುವ ಹಾಗೆ ಹರವಿ, ಹದ ತೇವದಲ್ಲಿ ರೋಲರ್ ಹೊಡೆಯುತ್ತಾರೆ. ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಒಣ ಸಾಂದ್ರತೆಯ (ನೀರಿನ ತೂಕ ಬಿಟ್ಟು, ಅದೇ ಮಣ್ಣು ಎಷ್ಟು ಒತ್ತಾಗಿ ಕೂತಿತೋ ಅದರ) 95%ರಷ್ಟಾದರೂ ಬರಬೇಕು. ಮೇಲಿನ 500 ಮಿ.ಮೀ.ಗೆ 97%. ಇಷ್ಟು ಮಾಡಿದರೂ ಒಂದು ಬದಿಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಮಣ್ಣು ನೆನೆದು ಬಲ ಕಳೆದುಕೊಳ್ಳುತ್ತದೆ, ಮೇಲೆ ಡಾಂಬರು ಕುಸಿಯುತ್ತದೆ.

ತೂತಿನ ಹೆಸರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಏರಿಗೆ ತೂಬು: ಬೇಕಾದಾಗ ತೆರೆದು ಮುಚ್ಚುವಂಥದ್ದು. ರಸ್ತೆಗೆ ಮೋರಿ: ಸದಾ ತೆರೆದಿರಬೇಕಾದದ್ದು. ಮೋರಿಯ ತಳ ಹಳ್ಳದ ತಳಕ್ಕಿಂತ ಮೇಲಾದರೆ, ಅಥವಾ ರಾಜಕಾಲುವೆ ಒಂದು ಕಡೆ ಇದ್ದು ಮೋರಿ ಇನ್ನೊಂದು ಕಡೆ ಕೂತರೆ, ರಸ್ತೆಯೇ ಏರಿಯಾಗಿಬಿಡುತ್ತದೆ: ಮೇಲ್ಗಡೆ ಹೊಲ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಆ ದೋಷವನ್ನು ಬಣ್ಣಿಸಲು ‘ಏರಿ’ಯನ್ನು ಉಳಿಸಿಕೊಳ್ಳಿ!

ಒಡ್ಡಿಗೂ ತಡೆಯುವ ಅರ್ಥವೇ ಮೊದಲು. ದಿಬ್ಬ ತಾನಾಗಿ ಇರುವಂಥದ್ದು. ಕಟ್ಟೆ ಅಂದರೆ ಅರಳಿಕಟ್ಟೆ ಕಣ್ಣ ಮುಂದೆ ಬರುತ್ತದೆ. ನನ್ನ ಮತ ‘ಮಣ್ಣು ಭರ್ತಿ’ಗೆ. ನೆಲ ತಗ್ಗಿಸಿ ರಸ್ತೆ ಒಯ್ಯುವ ಕಡೆ ‘ಅಗೆತ’ ಎಂದರೆ ಜೋಡಿಯೂ ಸಿಕ್ಕಿತು. ವಾಕ್ಯ ಹೀಗಿರಲಿ: ‘ಇಲ್ಲಿ 6 ಮೀಟರ್ ಎತ್ತರ ಮಣ್ಣು ತುಂಬಿ ರಸ್ತೆ ಮಾಡುತ್ತಾರೆ.’ ಜೊತೆಗೆ ಇಳಿಜಾರು ಎಷ್ಟೆಂದು ಹೇಳಿ. ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲದಂತೆ ಇಟ್ಟರೆ ಬುಡದಲ್ಲಿ ಎರಡೂ ಬದಿ ಸೇರಿ 24 ಮೀಟರ್ ನೆಲ ಹೆಚ್ಚು ಬೇಕು. ಓದುವವರಿಗೆ ಬೇಕಾದದ್ದು ಅದು.

ಉತ್ತರ 2

ಭರ್ತಿ ಒಪ್ಪಿಗೆ. ಇನ್ನೂ ದೊಡ್ಡ ತೊಡಕು ಗಡಿಯಾಚೆ ಇದೆ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಅದರ ದಂಡೆ ‘ಕರೈ’. ‘ಚೆಂಬರಂಬಾಕ್ಕಂ ಏರಿ ತುಂಬಿತು’ ಎಂದು ಪದ ಹಾಗೇ ಇಳಿಸಿದರೆ ಕನ್ನಡದಲ್ಲಿ ಅರ್ಥವೇ ಇಲ್ಲ, ಏರಿ ತುಂಬುವುದು ಹೇಗೆ? ನಿಮ್ಮ ಕನ್ನಡ ಕರಡಿನ ‘ಏರಿಯ ಮೇಲೆ ರಸ್ತೆ’ಯನ್ನು ತಮಿಳಿಗೆ ತಿರುಗಿಸುವವರು ಅದೇ ಪದ ಇಟ್ಟರೋ, ಕೆರೆ ಮುಚ್ಚಿ ರಸ್ತೆ ಮಾಡುತ್ತಾರೆ ಎಂದಾಗುತ್ತದೆ. ಆಮೇಲೆ ಸಮಜಾಯಿಷಿ ಕೊಡುತ್ತಾ ಕೂರಬೇಕು. ತೆಲುಗಿನಲ್ಲಿ ಕೆರೆ ‘ಚೆರುವು’, ಏರಿ ‘ಕಟ್ಟ’. ಆದ್ದರಿಂದ ‘ಕಟ್ಟೆ’ಯೂ ಬೇಡ.

ಕೇಳದಿದ್ದರೂ ಒಂದು ಮಾತು: ಅದೇ ಹಾಳೆಯಲ್ಲಿ ಜಮೀನಿನ ಲೆಕ್ಕ ಇದ್ದರೆ ನೋಡಿಕೊಳ್ಳಿ. ನಮ್ಮ ಪಹಣಿಯ ರೂಢಿಯಲ್ಲಿ 2-20 ಅಂದರೆ 2 ಎಕರೆ 20 ಗುಂಟೆ, ಎಕರೆಗೆ 40 ಗುಂಟೆ. ಚಿತ್ತೂರಿನ ಕಡೆ 2-20 ಅಂದರೆ 2 ಎಕರೆ 20 ಸೆಂಟು, ಎಕರೆಗೆ 100 ಸೆಂಟು. ಒಂದೇ ಅಂಕಿ, ವ್ಯತ್ಯಾಸ 12 ಗುಂಟೆ. ಪಕ್ಕದಲ್ಲೇ ಹೆಕ್ಟೇರನ್ನೂ ಬರೆಯಿರಿ: ಮೊದಲನೆಯದು 1.01, ಎರಡನೆಯದು 0.89.