ಪದ ಬೇಕು (ಅರ್ಜೆಂಟ್): ಬೇಟೆಯಾಡಿದ ಜಿಂಕೆಗೆ ಮಾಡೋ ‘ಫೀಲ್ಡ್ ಡ್ರೆಸ್ಸಿಂಗ್’

ಎಲ್ರಿಗೂ ನಮಸ್ಕಾರ. ಲೈಸೆನ್ಸ್ ಇರೋ ಬೇಟೆಗಾರರಿಗೆ ಕೊಡೋ ಒಂದು ಕೈಪಿಡಿ ಅನುವಾದ ಮಾಡ್ತಿದೀನಿ, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗುತ್ತೆ, ಒಂದು ಅಧ್ಯಾಯದ ತಲೆಬರಹದಲ್ಲೇ ಸಿಕ್ಕಾಕ್ಕೊಂಡು ಕೂತಿದೀನಿ. ಫೀಲ್ಡ್ ಡ್ರೆಸ್ಸಿಂಗ್. ಅಂದ್ರೆ ಜಿಂಕೆ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಒಳಗಿನದ್ದೆಲ್ಲ ಹೊರಗೆ ತೆಗೆದು, ಮಾಂಸಕ್ಕೆ ಹೊಲಸು ತಾಗದ ಹಾಗೆ, ಮೈ ಬೇಗ ತಣ್ಣಗಾಗೋ ಹಾಗೆ ಮಾಡೋದು. ನನಗಿಂತ ಮುಂಚೆ ಇದನ್ನ ಹಿಡಿದಿದ್ದವರು ‘ರಣರಂಗದ ಗಾಯಪಟ್ಟಿ’ ಅಂತ ಹಾಕಿದ್ರು (ಆ ಅರ್ಥಾನೂ ಇದೆ, ಸೈನಿಕರ ಬ್ಯಾಂಡೇಜಿಗೂ ಇದೇ ಹೆಸರು), ಕಂಪ್ಯೂಟರ್ ಅನುವಾದ ‘ಕ್ಷೇತ್ರ ಉಡುಪು’ ಅಂತು. ಸತ್ತ ಜಿಂಕೆಗೆ ಉಡುಪು! ಬಾಕ್ಸ್ ಚಿಕ್ಕದು, ಎರಡು ಮೂರು ಪದ ಮೀರಬಾರದು. ಬೇಟೆ ಸರಿಯೋ ತಪ್ಪೋ ಅನ್ನೋದನ್ನ ದಯವಿಟ್ಟು ಇಲ್ಲಿ ಶುರು ಮಾಡ್ಬೇಡಿ.

ಮರು:
ಸುಲಿಯುವುದು. ಇದರಲ್ಲಿ ಕೇಳೋದೇನಿದೆ.

ಮರು:
> ಸುಲಿಯುವುದು
ಆಗಲ್ಲ ಸಾರ್. ಸುಲಿಯೋದು ಅಂದ್ರೆ ತೊಗಲು ಬಿಡಿಸೋದು. ಈ ಹಂತದಲ್ಲಿ ತೊಗಲು ಬಿಡಿಸೋ ಹಾಗೇ ಇಲ್ಲ, ಎಳಕೊಂಡು ಹೋಗುವಾಗ ಮಣ್ಣು ಎಲೆ ಧೂಳು ಮಾಂಸಕ್ಕೆ ಮೆತ್ತದೆ ಇರ್ಲಿ ಅಂತ ಹಾಗೇ ಬಿಡ್ತಾರೆ. ‘ಬಗೆಯುವುದು’ ‘ಸಿಗಿಯುವುದು’ ಎರಡನ್ನೂ ನಾನೇ ಯೋಚಿಸಿ ಬಿಟ್ಟೆ.

ಮರು:
ಅಚ್ಚಗನ್ನಡದಲ್ಲಿ ಒಳ್ಳೇ ಪದ ಕೊಳೀತಾ ಬಿದ್ದಿದೆ, ಯಾರೂ ನೋಡಲ್ಲ. ಪಸು ಅನ್ನೋದು ಧಾತು, ಪಾಲು ಮಾಡು ಅಂತ. ಅದರಿಂದ ಪಸುಗೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆದ್ಮೇಲೆ ಹಸುಗೆ. ‘ಜಿಂಕೆಯ ಹಸುಗೆ’. ಎರಡೇ ಪದ, ನಿಮ್ಮ ಬಾಕ್ಸಿಗೂ ಆಯ್ತು. ಮಾಂಸ ಅಂತ ಬರೆದಿದೀರಲ್ಲ ಅದೂ ಸಂಸ್ಕೃತ, ‘ಅಡಗು’ ಅನ್ನಿ, ಅದು ಬೇಡ ಅಂದ್ರೆ ಬಾಡು.

ಮರು:
> ಜಿಂಕೆಯ ಹಸುಗೆ
ಓದಿದವರು ‘ಹಸುಗೆ ಏನಾಯ್ತು’ ಅಂತ ಕೇಳ್ತಾರೆ. ಅಡಗು ಅಂದ್ರೆ ಇವತ್ತಿನವರು ಬಚ್ಚಿಟ್ಕೊಳ್ಳೋದು ಅನ್ಕೋತಾರೆ, ಜಿಂಕೆ ಎಲ್ಲಿ ಅಡಗ್ತು ಅಂತ ಹುಡುಕ್ತಾರೆ. ತಮಾಷೆ ಬಿಡಿ, ಪಾಲು ಮಾಡೋದು ಕೊನೇ ಕೆಲಸ ಸ್ವಾಮಿ, ಇವರು ಕೇಳ್ತಿರೋದು ಮೊದಲನೇದು.

ಮರು:
ಸುಮಾರು ವರ್ಷದಿಂದ ಬರೀ ಓದ್ತಿದ್ದೆ, ಇವತ್ತು ತಡೀಲಿಲ್ಲ. ಪದ ಹುಡುಕೋ ಮುಂಚೆ ಕೆಲಸ ಏನು ಅಂತ ನೋಡಿ. ಮೇಡಂ ಬಗೆ, ಸಿಗಿ ಎರಡನ್ನೂ ಬಿಟ್ಟಿದ್ದು ಸರಿ, ಯಾಕಂದ್ರೆ ಆ ಕ್ರಿಯಾಪದದಲ್ಲೇ ಆಳ ಇದೆ, ಜೋರು ಇದೆ, ಇಲ್ಲಿ ಅದೇ ಅಪಾಯ. ಚಾಕುವಿನ ಬಾಯಿ ಮೇಲ್ಮುಖವಾಗಿ ಹಿಡಿದು, ತುದಿಯನ್ನ ಎಡಗೈ ಎರಡು ಬೆರಳ ನಡುವೆ ಇಟ್ಕೊಂಡು, ಆ ಬೆರಳಲ್ಲೇ ಕರುಳನ್ನ ಕೆಳಗೆ ಒತ್ತಿಕೊಂಡು, ತೊಗಲು ಮತ್ತೆ ಅದರ ಕೆಳಗಿನ ತೆಳು ಪೊರೆ ಮಾತ್ರ ಕುಯ್ಯಬೇಕು. ಒಳಗಿಂದ ಹೊರಗೆ ಕುಯ್ದರೆ ಕೂದಲೂ ತುಂಡಾಗಲ್ಲ, ತುಂಡಾದ ಕೂದಲು ಮಾಂಸಕ್ಕೆ ಅಂಟಿದ್ರೆ ಒಂದೊಂದೇ ಕೀಳ್ತಾ ಕೂರ್ಬೇಕು. ಅರ್ಧ ಇಂಚು ಆಳ ಹೋಯ್ತೋ, ಜಠರ ತೂತಾಗಿ ಅರೆಜೀರ್ಣ ಹುಲ್ಲು ಹಸಿರಾಗಿ ಎಲ್ಲಾ ಕಡೆ ಚೆಲ್ಲುತ್ತೆ, ಆ ವಾಸನೆ ಒಂದ್ಸಲ ಮೂಗಿಗೆ ಹೊಡೆದವರು ಎರಡನೇ ಸಲ ನಿಧಾನ ಮಾಡ್ತಾರೆ. ಗುದದ ಸುತ್ತ ಬಿಡಿಸಿ ದಾರದಲ್ಲಿ ಗಂಟು ಹಾಕ್ತಾರೆ, ಉಚ್ಚೆಚೀಲ ಒಡೆಯದ ಹಾಗೆ ಅದರ ಕುತ್ತಿಗೆ ಹಿಂಡಿ ಹಿಡಿದು ತೆಗೀತಾರೆ, ಆಮೇಲೆ ಎದೆಗೂ ಹೊಟ್ಟೆಗೂ ನಡುವಿನ ವಪೆ ಬಿಡಿಸಿ, ಮೇಲೆ ಕೈ ಹಾಕಿ ಶ್ವಾಸನಾಳ ಅನ್ನನಾಳ ಕುಯ್ದು ಒಟ್ಟಿಗೆ ಈಚೆ ಎಳೆಯೋದು. ಮೈ ಮಗುಚಿ ರಕ್ತ ಬಸಿಯೋದು, ಎದೆಗೂಡಿಗೆ ಒಂದು ಕಡ್ಡಿ ಕೊಟ್ಟು ಗಾಳಿಯಾಡೋಕೆ ಬಿಡೋದು.

ಈಗ ಪದಕ್ಕೆ ಬರ್ತೀನಿ. ‘ಸ್ವಚ್ಛಗೊಳಿಸುವುದು’, ‘ಕ್ಲೀನ್ ಮಾಡುವುದು’ ಅಂತ ಮಾತ್ರ ಹಾಕ್ಬೇಡಿ. ಹಾಗಂದ ತಕ್ಷಣ ಕೈ ನೀರಿಗೆ ಹೋಗುತ್ತೆ, ಪಕ್ಕದ ತೊರೇಲಿ ಅದ್ದಿ ತೊಳೀತಾರೆ. ನೀರು ಒಂದು ಕಡೆಯ ಹೊಲಸನ್ನ ಎಲ್ಲಾ ಕಡೆ ಹರಡುತ್ತೆ, ಒದ್ದೆ ಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ, ತೊರೆ ನೀರು ಶುದ್ಧ ಅಂತ ಯಾರು ಹೇಳಿದ್ದು? ಒಣ ಬಟ್ಟೇಲಿ ಒರೆಸಿ, ಹೊಲಸು ತಾಗಿದ ಭಾಗ ಚಾಕುವಲ್ಲಿ ಕೆತ್ತಿ ಬಿಸಾಕೋದೇ ರೀತಿ. ಅದಕ್ಕೆ ನನ್ನ ಓಟು ‘ಹಸನು ಮಾಡು’ಗೆ. ಅಕ್ಕಿ ಹಸನು ಮಾಡ್ತೀವಿ, ಹೊಲ ಹಸನು ಮಾಡ್ತೀವಿ, ಎರಡಕ್ಕೂ ನೀರು ಬೇಡ. ಬೇಡದ್ದು ತೆಗೆದು ಮುಂದಿನ ಕೆಲಸಕ್ಕೆ ಸಜ್ಜು ಮಾಡೋದು ಅಷ್ಟೇ.

ಮರು:
> ಹಸನು ಮಾಡು
ಹಸನು ಕನ್ನಡ ಅಲ್ಲ. ಅರಬ್ಬಿ. ಕನ್ನಡ ಅಂತೀರಾದ್ರೆ ಹಳಗನ್ನಡದ ಪಕಾರ ರೂಪ ತೋರಿಸಿ. ತೋರ್ಸಕ್ಕಾಗಲ್ಲ.

ಮರು:
ಅರಬ್ಬಿ ಆದ್ರೆ ಏನೀಗ? ಆ ಇಂಗ್ಲಿಷ್ ಡ್ರೆಸ್ ಏನು ಅವರಪ್ಪನ ಆಸ್ತಿನಾ, ಹಳೇ ಫ್ರೆಂಚಿಂದ ತಗೊಂಡಿದ್ದು, ಅದರ ಬೇರು ಲ್ಯಾಟಿನ್, ‘ನೆಟ್ಟಗೆ ಮಾಡು, ಅಣಿ ಮಾಡು’ ಅಂತ ಇದ್ದದ್ದು ಬಟ್ಟೆಗೂ ಹೋಯ್ತು ಗಾಯಕ್ಕೂ ಹೋಯ್ತು ಜಿಂಕೆಗೂ ಹೋಯ್ತು. ಸ್ಕಾಟ್ಲೆಂಡ್ ಬೇಟೆಗಾರರು ಇದೇ ಕೆಲಸಕ್ಕೆ ‘ಗ್ರಾಲಕ್’ ಅಂತಾರೆ, ಅದು ಗೇಲಿಕ್ ಭಾಷೇಲಿ ಕರುಳು ಅನ್ನೋ ಪದ, ಇಂಗ್ಲಿಷ್ ಮಾತಾಡುವಾಗ್ಲೂ ಅದನ್ನೇ ಬಳಸ್ತಾರೆ. ಅಲ್ಲಿ ಯಾರೂ ಪಕಾರ ರೂಪ ಕೇಳಲಿಲ್ಲ.

ಮರು:
ಬಂತು ನೋಡಿ, ಇಂಗ್ಲಿಷಿನವರು ತಗೊಂಡ್ರು ಅಂತ ನಾವೂ ತಗೋಬೇಕು. ಪದ ಚರ್ಚೆ ಮಾಡೋ ಈ ಪಟ್ಟಿ ಯಾಕೆ ಬೇಕು ಹಾಗಾದ್ರೆ, ಫೀಲ್ಡ್ ಡ್ರೆಸ್ಸಿಂಗ್ ಅಂತ ಕನ್ನಡ ಅಕ್ಷರದಲ್ಲೇ ಬರ್ದು ಬಿಡಿ.

ಮರು:
ನೀವು ಬರೆದಿರೋ ‘ಪಟ್ಟಿ’, ‘ಅಕ್ಷರ’ ಎಲ್ಲಿಂದ ಬಂತು ಅಂತಾನೂ ಹಾಗೇ ಹೇಳ್ಬಿಡಿ.

ಮರು:
ದಯವಿಟ್ಟು ಇಬ್ರೂ ಸ್ವಲ್ಪ ನಿಲ್ಸಿ, ಬೇಕಿದ್ರೆ ಬೇರೆ ಎಳೆ ತೆಗೀರಿ. ನಂಗೆ ಹಸನು ಹಿಡಿಸ್ತು. ಆದ್ರೆ ಬರೀ ‘ಜಿಂಕೆ ಹಸನು ಮಾಡುವುದು’ ಅಂದ್ರೆ ಪೂರ್ತಿ ತುಂಡು ಹಾಕೋವರೆಗೂ ಅಂತ ತಿಳ್ಕೋಬಹುದು, ಅದಕ್ಕೆ ‘ಕರುಳು ತೆಗೆದು ಹಸನು’ ಅಂತ ಇಟ್ಟೆ, ಅಕ್ಷರ ಚಿಕ್ಕದು ಮಾಡಿದ್ರೆ ಬಾಕ್ಸಲ್ಲಿ ಕೂರುತ್ತೆ. ಕೆಳಗೆ ಮೊದಲನೇ ಸಾಲೇ ‘ನೀರು ಹಾಕಬೇಡಿ, ಒಣ ಬಟ್ಟೆಯಲ್ಲಿ ಒರೆಸಿ’. ಮಾಂಸ ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳೀಬೇಕು ಅನ್ನೋ ಸಾಲೂ ಮೇಲಕ್ಕೆ ತಂದೆ. ‘ವಪೆ’ ಪಠ್ಯಪುಸ್ತಕದ ಪದ, ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಸಾರ್, ಅದನ್ನೂ ಹಾಕ್ತೀನಿ.

ಮರು:
> ವಪೆ
ಹಾಕ್ಬೇಡಿ. ಶಾಲೆ ಪುಸ್ತಕದಲ್ಲಿ ವಪೆ ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಸರಿ. ಸಂಸ್ಕೃತದಲ್ಲಿ ವಪಾ ಅಂದ್ರೆ ಕರುಳಿನ ಮೇಲೆ ಹೊದ್ದಿರೋ ನೆಣದ ಪೊರೆ, ಯಜ್ಞದ ಪಶುವಿಂದ ತೆಗೀತಿದ್ದದ್ದು ಅದನ್ನೇ. ಸಂಸ್ಕೃತ ಬಲ್ಲೋರ ಕೈಗೆ ನಿಮ್ಮ ಪುಸ್ತಕ ಸಿಕ್ಕಿದ್ರೆ ಬೇರೆ ಪೊರೆ ಕುಯ್ತಾರೆ.

ಮರು:
ಸಂಸ್ಕೃತ ಬಲ್ಲೋರು ಚಾಕು ಹಿಡ್ಕೊಂಡು ಕಾಡಿಗೆ ಹೋಗೋದು ನೋಡ್ಬೇಕು ನಾನು.

ಮರು:
‘ಎದೆ ಹೊಟ್ಟೆ ನಡುವಿನ ಪರದೆ’ ಅಂತ ಹಾಕಿ ಫೈಲ್ ಕಳಿಸಿದೆ. ಪರದೆ ಪಾರ್ಸಿ ಅಂತ ಗೊತ್ತು, ಬರೀಬೇಡಿ.